ಗೋಡೆಯ ಮುಂದೆ ನಿಂತ ಕೆಂಪಣ್ಣ

ಕೆ.ಆರ್. ಪೇಟೆ
9 ಜೂನ್ 2024

…ಅಥವಾ ನೀವು ಹೇಳಿದ್ದು ಇದರ ತಿರುಗುಮುರುಗೋ, ಸಾಹೇಬರೇ? ಬೀಳುವ ಬೆಳಕನ್ನು ಅಳೆ ಎಂದಿರೋ, ಮರಳಿ ಬರುವ ಬೆಳಕನ್ನು ಅಳೆ ಎಂದಿರೋ, ಬೆಳಗಿನಿಂದ ತಲೆಯಲ್ಲಿ ಸುತ್ತುತ್ತಿದೆ. ನಿಮ್ಮ ಸ್ಟುಡಿಯೋದಲ್ಲಿ ನಾನು ಮದುವೆ ಆಲ್ಬಮ್ಮುಗಳಿಗೆ ಅಂಟು ಹಚ್ಚುತ್ತಿದ್ದ ಕಾಲದಲ್ಲಿ ನೀವು ಬಾಗಿಲ ಬಳಿ ನಿಂತು ಬೇರೆ ಯಾರಿಗೋ ಹೇಳಿದ ಮಾತು. ನಿಮ್ಮ ದನಿ ನೆನಪಿದೆ. ಮಾತು ಜಾರಿದೆ.

ಕೇಳಲು ಕಾರಣವಿದೆ. ಕಿಕ್ಕೇರಿಯಿಂದ ಆಚೆ ಒಂದು ಊರಿನಲ್ಲಿ ಗೋಡೆಯೊಂದರ ಪಟ ತೆಗೆಯುವ ಕೆಲಸ ನನಗೆ ಸಿಕ್ಕಿದೆ. ಅಲ್ಲಿನ ಕೆರೆಯ ಏರಿ ತೂಬಿನ ಹತ್ತಿರ ಕುಸಿದಿತ್ತಂತೆ. ಈ ಬೇಸಿಗೆಯಲ್ಲಿ ಏರಿಯ ಹಿಂಬದಿಗೆ ಉದ್ದಕ್ಕೆ ಗೋಡೆ ಕಟ್ಟಿ ಸಿಮೆಂಟು ಬಳಿದಿದ್ದಾರೆ. ಕೆಲಸ ನೋಡಿಕೊಂಡವನು ನಾಗಮಂಗಲದ ಕಡೆಯ ದಿಲೀಪ್ ಎಂಬ ಎಂಜಿನಿಯರು. ಮಳೆಗಾಲ ಮುಗಿಯುವವರೆಗೆ ತಿಂಗಳಿಗೊಂದು ಪಟ, ಅದೇ ಜಾಗದಿಂದ, ಅದೇ ಹೊತ್ತಿಗೆ. ಎಲ್ಲ ಪಟಗಳಲ್ಲೂ ಗೋಡೆ ಒಂದೇ ಥರ ಇದ್ದರೆ ಅದು ಗಟ್ಟಿ ಎಂದು ಬರೆದುಕೊಟ್ಟು ಕೆರೆಯನ್ನು ಅಂಚಿನವರೆಗೆ ತುಂಬಲು ಬಿಡುತ್ತಾರೆ. ಬೇರೆಯಾಗಿ ಕಂಡರೆ ತೂಬು ಎತ್ತಿ ನೀರು ಇಳಿಸಬೇಕು. ಗೋಡೆಯ ಕೆಳಗೆ ಒಂದು ಬೀದಿ ಇದೆ, ಏರಿ ಕೆಳಗಿನ ಬೀದಿ ಎಂದೇ ಅದರ ಹೆಸರು. ತೀರ್ಮಾನ ಮಾಡುವವರು ಬಂದು ನೋಡುವುದಿಲ್ಲ. ಪಟ ನೋಡುತ್ತಾರೆ.

"ಟೋನ್ ಮ್ಯಾಚ್ ಆಗ್ಬೇಕು ಮೇಡಂ," ಎಂದ ದಿಲೀಪ್. "ಒಂದು ಬೆಳ್ಳಗೆ, ಒಂದು ಕಪ್ಪಗೆ ಇದ್ರೆ ಮೇಲಿನವ್ರು ನನ್ನೇ ಉಗೀತಾರೆ."

ಎತ್ತರ ತಿಳಿಯಲೆಂದು ಗೋಡೆಯ ಪಕ್ಕ ಯಾರಾದರೂ ನಿಲ್ಲಬೇಕಿತ್ತು. ಆ ಊರಿನ ನೀರಗಂಟಿ ಕೆಂಪಣ್ಣ ನಿಂತ. ತೂಬು ಎತ್ತುವುದು, ಇಳಿಸುವುದು, ಗದ್ದೆಗಳಿಗೆ ನೀರು ಹಂಚುವುದು ಅವನ ಮನೆತನದ ಕೆಲಸ. ಐವತ್ತು ದಾಟಿದ, ಕರೀಕಲ್ಲಿನಂಥ ಆಳು. "ನಂದೊಬ್ಬಂದೇ ತೆಗೀರವ್ವ, ಗ್ವಾಡೆ ಯಾಕೆ ಮದ್ಯಕ್ಕೆ?" ಎಂದು ಕೇಳಿದ.

ನೀವು ಅಂಗಡಿ ಮುಚ್ಚುವಾಗ ಕೊಟ್ಟ ಹಳೇ ಲೈಟ್ ಮೀಟರನ್ನೇ ಒಯ್ದಿದ್ದೆ. ಅದರ ಬಿಳಿ ಟೋಪಿ ಇಲ್ಲವಲ್ಲ, ಆದ್ದರಿಂದ ಬೀಳುವ ಬೆಳಕು ಅಳೆಯಲು ಆಗಲಿಲ್ಲ. ಗೋಡೆಯ ಕಡೆಗೇ ಹಿಡಿದೆ. ಶಟರಿಗೆ ಸೆಕೆಂಡಿನ ನೂರಿಪ್ಪತ್ತೈದನೇ ಒಂದು ಪಾಲು ತೋರಿಸಿತು. ಹುಣಸೆಮರದ ನೆರಳು ಇಡೀ ಗೋಡೆಯ ಮೇಲೆ ಹರಡಿಕೊಂಡಿರುವುದರಿಂದ ಬಿಸಿಲಿನ ಕಾಟವಿಲ್ಲ. ಮುಖಗಳನ್ನು ತೆಗೆದು ತೆಗೆದು ದಣಿದವಳಿಗೆ ಗೋಡೆ ಹಿತವೆನಿಸಿತು. ಅದು ತಾನು ಹೇಗೆ ಬಂದಿದ್ದೇನೆ ಎಂದು ಕೇಳುವುದಿಲ್ಲ.

ಪಟ ಇದರ ಜೊತೆಗಿದೆ. ಫೋನು ನಿಮಗೆ ಕೇಳಿಸದು, ಫೋನಿನಲ್ಲಿ ಪಟ ನೋಡುವುದಿಲ್ಲ ಎಂಬ ನಿಮ್ಮ ಹಟವೂ ಗೊತ್ತು. ಎಕ್ಸ್‌ಪೋಷರ್ ಸರಿಯಿದೆಯೇ, ನೋಡಿ ಬರೆಯಿರಿ.

ಪ್ರಮೀಳಾ


ಶ್ರೀರಂಗಪಟ್ಟಣ
24 ಜೂನ್ 2024

ಬೇಟಿ ಪ್ರಮೀಳಾ,

ಬೀಳುವುದನ್ನೇ ಅಳೆ ಎಂದಿದ್ದೆ. ಯಾರಿಗೆ ಎಂಬುದು ನನಗೂ ನೆನಪಿಲ್ಲ, ಆದರೆ ಅವನು ಕೇಳಿಸಿಕೊಳ್ಳಲಿಲ್ಲ ಎಂಬುದು ಖಾತ್ರಿ. ಆ ಕಾಲದಲ್ಲಿ ಅಂಗಡಿಯಲ್ಲಿ ಕಿವಿ ಚೆನ್ನಾಗಿದ್ದವನು ನಾನೊಬ್ಬನೇ. ಬಿಳಿ ಟೋಪಿಯನ್ನು ನಮ್ಮ ಮನೆಯವಳು ಅಕ್ಬರಿ ಬೇಗಂ ಏಲಕ್ಕಿ ಡಬ್ಬಿಗೆ ಮುಚ್ಚಳ ಮಾಡಿಕೊಂಡಿದ್ದಳು. ಆಮೇಲೆ ಡಬ್ಬಿಯೂ ಇಲ್ಲ, ಮುಚ್ಚಳವೂ ಇಲ್ಲ. ಕೇಳಿದರೆ, "ನಿಮ್ಮ ಮೀಟರಿಗಿಂತ ನನ್ನ ಏಲಕ್ಕಿಗೆ ಜಾಸ್ತಿ ಬೆಲೆ" ಎಂದಳಂತೆ. ಸೊಸೆ ಶಾಜಿಯಾ ಚೀಟಿಯಲ್ಲಿ ಬರೆದು ತೋರಿಸಿದಳು.

ಮೀಟರು ಮೂರ್ಖ ಪ್ರಾಣಿ. ಅದರ ಲೆಕ್ಕಕ್ಕೆ ಲೋಕವೆಲ್ಲ ಒಲೆಯ ಬೂದಿ. ಬಿಳಿ ಸೀರೆ ತೋರಿಸು, ಬೂದಿ ಎನ್ನುತ್ತದೆ. ಎಮ್ಮೆ ತೋರಿಸು, ಅದೂ ಬೂದಿ. ಯಾವುದನ್ನು ತೋರಿಸಿದರೂ ಪಟದಲ್ಲಿ ಅದನ್ನು ಬೂದಿಯ ಬಣ್ಣಕ್ಕೆ ತರುವುದು ಹೇಗೆ ಎಂಬುದನ್ನಷ್ಟೇ ಹೇಳುತ್ತದೆ. ಹೊಸದರಲ್ಲಿ ಬೆಳ್ಳೂರಿನ ಗೌಡರೊಬ್ಬರು ಬಹುಮಾನದ ಎಮ್ಮೆಯ ಪಟಕ್ಕೆ ಕರೆಸಿದ್ದರು. ಎಮ್ಮೆಯ ಮೈಗೇ ಮೀಟರ್ ಹಿಡಿದು ತೆಗೆದೆ. ಗೌಡರು ಪಟ ಕೈಯಲ್ಲಿ ಹಿಡಿದು, "ಸಾಬ್ರೆ, ಇದ್ಯಾರ್ ಕತ್ತೆನ್ರಿ? ನನ್ನೆಮ್ಮೆ ಎಲ್ಲಿ?" ಎಂದರು.

ಆದರೆ ನಿನ್ನ ಗೋಡೆ ಸಿಮೆಂಟಿನದು, ಅದರ ಬಣ್ಣವೇ ಬೂದಿ. ಅದಕ್ಕೆ ಮೀಟರ್ ಸುಳ್ಳು ಹೇಳಲಾರದು. ಗೋಡೆಗೇ ಹಿಡಿ, ಅದು ಹೇಳಿದಂತೆ ಮಾಡು, ತಿಂಗಳು ತಿಂಗಳೂ ಒಂದೇ ಥರ ಬರುತ್ತದೆ. ನಿನ್ನ ಎಂಜಿನಿಯರನನ್ನು ಯಾರೂ ಉಗಿಯುವುದಿಲ್ಲ.

ಪಟ ಬಂತು. ಎಕ್ಸ್‌ಪೋಷರ್ ಸರಿಯಿದೆ. ನೀನು ಬರೆದ ಅಳತೆಯಿಂದಲೇ ಗೊತ್ತಾಗುತ್ತದೆ. ಮುಂದಿನವನ್ನೂ ಕಳಿಸು, ಅಳತೆ ಬರೆಯುವುದನ್ನು ಮರೆಯಬೇಡ.

ಜಹೀರುದ್ದೀನ್


ಕೆ.ಆರ್. ಪೇಟೆ
21 ಜುಲೈ 2024

ಸಾಹೇಬರಿಗೆ ವಂದನೆಗಳು.

ನಿಮ್ಮ ಸಾಲುಗಳು ಬಲಕ್ಕೆ ಹೋಗುತ್ತ ಮೇಲೇರಿವೆ. ಮೊದಲು ನಿಮ್ಮ ಬರಹ ಕಂಬಿಯ ಮೇಲೆ ಕೂತ ಗುಬ್ಬಿಗಳ ಹಾಗಿತ್ತು. ಬಸ್ಸಿನಲ್ಲಿ ಕೂತು ಬರೆದಿರೋ ಏನೋ.

ಕೆರೆಗೆ ನೀರು ಬಂದಿದೆ. ಮೇಲಿನ ಹಳ್ಳವೂ ಹರಿಯಿತು, ನಾಲೆಯಿಂದಲೂ ಬಿಟ್ಟರು. ಎರಡನೆಯ ಪಟ ತೆಗೆಯುವಾಗ ಅರ್ಧ ಕೆರೆ. ಗೋಡೆಯ ಬೆನ್ನಿಗೆ ಅಷ್ಟು ನೀರು ನಿಂತಿದೆ ಎಂದು ಈ ಕಡೆ ನಿಂತವರಿಗೆ ತಿಳಿಯುವುದೇ ಇಲ್ಲ. ಕೋಳಿ ಕೆದಕುತ್ತಿರುತ್ತದೆ, ಯಾರೋ ಪಾತ್ರೆ ಬೆಳಗುತ್ತಿರುತ್ತಾರೆ.

ಒಂದು ಸಂಗತಿ. ಮೀಟರಿನ ಮುಳ್ಳು ಹೋದ ಸಲಕ್ಕಿಂತ ಒಂದು ಗೆರೆ ಕೆಳಗೆ ನಿಂತಿತು. ನೂರಿಪ್ಪತ್ತೈದರ ಬದಲು ನೂರು. ಆಕಾಶದಲ್ಲಿ ತೆಳು ಮೋಡವಿತ್ತು, ಅದೇ ಕಾರಣವಿರಬಹುದು. ಅದು ಹೇಳಿದಷ್ಟು ಬೆಳಕು ಜಾಸ್ತಿ ಕೊಟ್ಟೆ. ಗೋಡೆ ಮೊದಲನೆಯ ಪಟದ ಹಾಗೆಯೇ ಬಂದಿದೆ. ಎರಡನ್ನೂ ಪಕ್ಕದಲ್ಲಿಟ್ಟರೆ ಯಾವುದು ಯಾವುದೆಂದು ಹೇಳಲಾಗದು. ದಿಲೀಪ್ ಸಂತೋಷಪಟ್ಟ.

ಕೆಂಪಣ್ಣ ಮಾತ್ರ ಸ್ವಲ್ಪ ಬೆಳ್ಳಗೆ ಬಂದಿದ್ದಾನೆ. ಅವನಿಗೂ ಒಂದು ಪ್ರತಿ ಕೊಡುವ ವಾಡಿಕೆ ಇಟ್ಟುಕೊಂಡಿದ್ದೇನೆ. ಟೀ ಅಂಗಡಿಯಲ್ಲಿ ಅದು ಕೈಯಿಂದ ಕೈಗೆ ಹೋಯಿತು. "ಮಕಕ್ಕೆ ಏನ್ಲಾ ಅಚ್ಕೊತಿದ್ದೀಯ ಕೆಂಪ? ನಂಗೂ ಒಸಿ ಕೊಡ್ಲಾ," ಎಂದನೊಬ್ಬ. "ಕೆರೆ ನೀರ್ನಾಗೆ ದಿನಾ ಮಕ ತೊಳ್ಕಳ್ಲಾ, ನೀನೂ ಆಯ್ತೀಯ. ಮೊದ್ಲು ತೊಳ್ಕಳದ ಕಲಿ," ಎಂದ ಕೆಂಪಣ್ಣ. ಕೆರೆ ಸಂಘದ ಹಿರಿಯ ಸೋಮಯ್ಯನವರು ಪಟವನ್ನು ದೂರ ಹಿಡಿದು ನೋಡಿ, "ಇನ್ನೆಲ್ಡ್ ತಿಂಗ್ಳು ಬುಟ್ರೆ ಇವ್ನಿಗೆ ಎಣ್ಣು ಕೊಡಾಕೆ ಬತ್ತಾರೆ," ಎಂದರು. ಎಲ್ಲರೂ ನಕ್ಕರು. ಪಾಸ್‌ಪೋರ್ಟ್ ಪಟಕ್ಕೆ ಬರುವವರು "ಒಸಿ ಬೆಳ್ಳಗ್ ಮಾಡಿ" ಎಂದು ಕೇಳುವುದನ್ನು ದಿನವೂ ಕೇಳುತ್ತೇನೆ. ಇಲ್ಲಿ ಕೇಳದೆ ಸಿಕ್ಕಿದೆ.

ಪಟ ನೋಡಿ ಹೇಳಿ.

ಪ್ರಮೀಳಾ


ಶ್ರೀರಂಗಪಟ್ಟಣ
11 ಆಗಸ್ಟ್ 2024

ಬೇಟಿ ಪ್ರಮೀಳಾ,

ಮೋಡದ ವಿಷಯ ಬಿಡು. ಆ ಮೀಟರಿನ ವಯಸ್ಸು ಯೋಚಿಸಿದ್ದೀಯಾ? ಅದರೊಳಗೆ ಬ್ಯಾಟರಿ ಇಲ್ಲ. ಬೆಳಕು ತಾಗಿದರೆ ತಾನೇ ಕರೆಂಟು ಹುಟ್ಟಿಸುವ ಒಂದು ಬಿಲ್ಲೆ ಇದೆ, ಅಷ್ಟೆ. ವರ್ಷಗಳು ಕಳೆದಂತೆ ಆ ಬಿಲ್ಲೆ ಸಾಯುತ್ತದೆ. ಒಮ್ಮೆಗೇ ಸಾಯುವುದಿಲ್ಲ. ಎದುರಿಗೆ ಎಷ್ಟು ಬೆಳಕಿದ್ದರೂ ಅದಕ್ಕೆ ಪ್ರತಿ ದಿನ ಒಂದಿಷ್ಟು ಕಡಿಮೆ ಕಾಣುತ್ತದೆ. ಅದಕ್ಕೆ ತಾನು ಕುರುಡಾಗುತ್ತಿದ್ದೇನೆ ಎಂದು ಗೊತ್ತಿರುವುದಿಲ್ಲ. ಲೋಕವೇ ಮಬ್ಬಾಯಿತು ಎಂದುಕೊಳ್ಳುತ್ತದೆ. ಇದು ನೋವಿನ ಸಂಗತಿಯೇನಲ್ಲ, ಪದಾರ್ಥದ ಗುಣ.

ಆದ್ದರಿಂದ ಮುಳ್ಳನ್ನು ಹೆಚ್ಚು ನಂಬಬೇಡ. ಮೊದಲನೆಯ ಪಟವನ್ನು ಜೊತೆಗೆ ಒಯ್ಯಿ, ಗೋಡೆ ಅದಕ್ಕೆ ಸರಿಹೊಂದುವ ಹಾಗೆ ತೆಗೆ. ನಿನಗೆ ಬೇಕಾದದ್ದು ಗೋಡೆ ತಾನೆ? ಕೆಂಪಣ್ಣ ಬೆಳ್ಳಗಾದರೆ ಆಗಲಿ, ಅವನ ನಸೀಬು.

ಪಟ ಚೆನ್ನಾಗಿದೆ. ಬೇಗಂ ಕೂಡ ನೋಡಿದಳು. ಶಾಜಿಯಾ ಪೋಸ್ಟಿಗೆ ಹೋಗುತ್ತಿದ್ದಾಳೆ, ಇಲ್ಲಿಗೆ ಮುಗಿಸುತ್ತೇನೆ.

ಜಹೀರುದ್ದೀನ್


ಕೆ.ಆರ್. ಪೇಟೆ
22 ಸೆಪ್ಟೆಂಬರ್ 2024

ಸಾಹೇಬರಿಗೆ,

ಎರಡು ತಿಂಗಳ ಪಟಗಳನ್ನು ಒಟ್ಟಿಗೆ ಕಳಿಸುತ್ತಿದ್ದೇನೆ. ಆಗಸ್ಟಿನಲ್ಲಿ ಎಂಬತ್ತು, ಸೆಪ್ಟೆಂಬರಿನಲ್ಲಿ ಅರವತ್ತು. ನೀವು ಹೇಳಿದಂತೆ ಮೊದಲನೆಯ ಪಟಕ್ಕೆ ಸರಿಹೊಂದಿಸಿದ್ದೇನೆ. ನಿಮ್ಮ ಮೀಟರನ್ನು ಜೋಪಾನವಾಗಿಟ್ಟಿದ್ದೇನೆ. ಕ್ಯಾಮೆರಾದೊಳಗಿನ ಮೀಟರನ್ನೂ ಜೊತೆಗಿಟ್ಟು ನೋಡಿದೆ. ಆ ವಿಷಯ ಇರಲಿ.

ಗೋಡೆ ಒಂದಿಷ್ಟೂ ಬದಲಾಗಿಲ್ಲ. ದಿಲೀಪ್ ನಾಲ್ಕೂ ಪಟಗಳನ್ನು ಸಾಲಾಗಿ ಕಂಪ್ಯೂಟರಿನ ಮೇಲೆ ಹರಡಿ, "ಫೋಟೋ ಅಂದ್ರೆ ಇದು ಮೇಡಂ. ಒಂದೇ ಗೋಡೇನ ನಾಕ್ ಸಲ ಪ್ರಿಂಟ್ ಹಾಕ್ದಂಗಿದೆ," ಎಂದ. ಹೊಗಳಿಕೆ ಎಂದೇ ತೆಗೆದುಕೊಂಡೆ.

ಆದರೆ ಇಲ್ಲೊಂದು ತೊಡಕಾಗಿದೆ. ಕೆಂಪಣ್ಣನ ಹೆಂಡತಿ ಜಯಲಕ್ಷ್ಮಮ್ಮ ಸ್ಟುಡಿಯೋಗೆ ಬಂದಿದ್ದರು. ಕೈಚೀಲದಿಂದ ನಾಲ್ಕೂ ಪಟಗಳನ್ನು ತೆಗೆದು ಗಾಜಿನ ಮೇಲೆ ಜೋಡಿಸಿದರು. ಗಂಡನ ಮುಖದ ಮೇಲಷ್ಟೇ ಬೆರಳಿಡುತ್ತ ಹೋದರು.

"ಮೇಡಮ್ಮೋರೆ, ಕ್ವಾಪ ಮಾಡ್ಕಬ್ಯಾಡಿ. ಇದ್ರಾಗೆ ಎಂಗವ್ರೆ, ಇದ್ರಾಗೆ ಎಂಗವ್ರೆ, ನೀವೇ ನೋಡಿ. ರಕ್ತ ಈರ್ಕೊಂಡಂಗಾಗದೆ. ನಮ್ಮಪ್ಪನೂ ಒಂಟೋಗೋಕ್ ಮುಂಚೆ ಇಂಗೇ ಬಿಳಿಚ್ಕೊಂಡಿದ್ರು."

"ಎದುರಿಗೆ ನೋಡಿದರೆ ಹಾಗಿಲ್ಲವಲ್ಲಮ್ಮ," ಎಂದೆ.

"ದಿನಾ ನೋಡೋರ್ ಕಣ್ಗೆ ಎಲ್ಲಿ ಕಾಣ್ತದೆ? ಅದುಕ್ಕೇ ಅಲ್ವಾ ಆ ಎಂಜಿನೇರಪ್ಪ ಪಟ ತೆಗ್ಸೋದು?"

ಕೆಂಪಣ್ಣನ ರಕ್ತ ಪರೀಕ್ಷೆ ಮಾಡಿಸಿದ್ದಾರೆ, ಏನೂ ಕೊರತೆಯಿಲ್ಲವಂತೆ. ಆದರೂ ಬೆಲ್ಲ, ಕಾಳು, ನುಗ್ಗೆಸೊಪ್ಪು ಅಂತ ತಿನ್ನಿಸುತ್ತಿದ್ದಾರೆ. ಇನ್ನು ಮುಂದೆ ಅವನು ಗೋಡೆಯ ಮುಂದೆ ನಿಲ್ಲಕೂಡದು ಎಂದು ಕೈಮುಗಿದರು. ಕೆಂಪಣ್ಣ ಹೊರಗೆ ಬೈಕಿನ ಮೇಲೆ ಕೂತು ನಾಚಿಕೊಂಡು ನಗುತ್ತಿದ್ದ. ಒಪ್ಪಿದೆ. ಮುಂದಿನ ಸಲ ಅವನ ಜಾಗದಲ್ಲಿ ಬಿದಿರುಕೋಲು ನಿಲ್ಲಿಸುತ್ತೇನೆ.

ಅವರು ಹೋದ ಮೇಲೆ ಪಟಗಳನ್ನು ನಾನೂ ನೋಡಿದೆ. ಮನುಷ್ಯನೊಬ್ಬ ತಿಂಗಳಿಂದ ತಿಂಗಳಿಗೆ ಮಾಸುತ್ತ ಹೋಗುವುದು, ಅವನ ಹಿಂದೆ ಗೋಡೆ ಕದಲದೆ ನಿಂತಿರುವುದು. ನಾನು ಶಕುನ ನಂಬುವವಳಲ್ಲ. ಆದರೂ ಆ ಸಂಜೆ ಸ್ಟುಡಿಯೋದ ಬಾಗಿಲನ್ನು ಬೇಗ ಎಳೆದುಕೊಂಡೆ. ನಿಮಗೆ ಏನನ್ನಿಸುತ್ತದೆ? ನಾಲ್ಕನ್ನೂ ಒಟ್ಟಿಗೆ ಇಟ್ಟು ಒಮ್ಮೆ ನೋಡಿ.

ಪ್ರಮೀಳಾ


ಶ್ರೀರಂಗಪಟ್ಟಣ
30 ಸೆಪ್ಟೆಂಬರ್ 2024

ಬೇಟಿ,

ಪಟಗಳು ತಲುಪಿದವು. ಅಳತೆ ಇಳಿಯುತ್ತಿರುವುದು ನಾನು ಹೇಳಿದ ಹಾಗೆಯೇ ಇದೆ, ಬಿಲ್ಲೆ ಮುಗಿಯಿತು. ಹೆಂಗಸರ ಭಯಕ್ಕೆ ಎಕ್ಸ್‌ಪೋಷರಿನಲ್ಲಿ ಮದ್ದಿಲ್ಲ. ನಾನು ಕೆಲವು ದಿನ ಮೈಸೂರಿನಲ್ಲಿರುತ್ತೇನೆ. ಪಾಂಡವಪುರದ ಷಡ್ಡಕನೂ ಜೊತೆಗೆ ಬರುತ್ತಾನೆ, ಕೆಲಸ ಸಣ್ಣದು. ಕಾಗದ ಬರೆಯುವುದು ತಡವಾದರೆ ಬೇಸರ ಮಾಡಿಕೊಳ್ಳಬೇಡ.

ಜಹೀರುದ್ದೀನ್


ಕೆ.ಆರ್. ಪೇಟೆ
13 ಅಕ್ಟೋಬರ್ 2024

ಸಾಹೇಬರಿಗೆ,

ನೀವು ಮೈಸೂರಿನಿಂದ ಬಂದಿರೋ ಇಲ್ಲವೋ ತಿಳಿಯದು. ಷಡ್ಡಕನ ಜೊತೆ ಹೋಗುವಂಥ ಸಣ್ಣ ಕೆಲಸ ಯಾವುದು ಎಂದು ಕೇಳುವ ಸಲಿಗೆ ನನಗಿಲ್ಲ.

ಐದನೆಯ ಪಟ ಇದರಲ್ಲಿದೆ. ಕೆಂಪಣ್ಣನ ಜಾಗದಲ್ಲಿ ಕೋಲು. ಐವತ್ತು ಕೊಟ್ಟೆ. ಗೋಡೆ ಜೂನಿನ ಗೋಡೆಯೇ. ಇಷ್ಟು ಸರಿಯಾದ ಪಟವನ್ನು ನಾನು ಇದುವರೆಗೆ ತೆಗೆದಿಲ್ಲ, ಮತ್ತು ಅದನ್ನು ನೋಡುತ್ತ ಕೂರಲು ನನಗೆ ಆಗುತ್ತಿಲ್ಲ. ಎರಡನ್ನೂ ಬರೆದುಬಿಟ್ಟಿದ್ದೇನೆ, ಒಂದಕ್ಕೊಂದು ಹೇಗೆ ಸೇರುತ್ತದೆ ಎಂದು ಕೇಳಬೇಡಿ.

ಕೆರೆ ತುಂಬಿ ಕೋಡಿ ಬಿದ್ದಿದೆ. ಐದು ವರ್ಷದ ಮೇಲೆ ತುಂಬಿದ್ದಂತೆ. ಕೋಡಿಯಲ್ಲಿ ನೀರು ಸುಮ್ಮನೆ ಹರಿದುಹೋಗುತ್ತದೆಂದು ಊರವರು ಅದರ ಮೇಲೆ ಮರಳಿನ ಮೂಟೆ ಪೇರಿಸಿ ಇನ್ನೂ ಎರಡಡಿ ನಿಲ್ಲಿಸಿಕೊಂಡಿದ್ದಾರೆ. ದಿಲೀಪ್ ಐದೂ ಪಟ ಕಳಿಸಿ ಮೇಲಿನವರಿಂದ ಒಪ್ಪಿಗೆ ತರಿಸಿದ್ದಾನೆ. ಇದೇ 27ರ ಭಾನುವಾರ ಬಾಗಿನ. ಊರಿನವರೆಲ್ಲ ಏರಿಯ ಮೇಲೆ ತೂಬಿನ ಹತ್ತಿರ ಸೇರುತ್ತಾರೆ, ಹೆಂಗಸರು ಮೊರದ ಬಾಗಿನ ಬಿಡುತ್ತಾರೆ, ಕೆಳಗೆ ಬೀದಿಯಲ್ಲಿ ಅಡುಗೆ. ಪಟ ತೆಗೆಯಲು ನನ್ನನ್ನೇ ಕರೆದಿದ್ದಾರೆ.

ಒಂದು ಮಾತನ್ನು ಹೋದ ಕಾಗದದಲ್ಲಿ ನುಂಗಿಕೊಂಡಿದ್ದೆ. ನಿಮ್ಮ ಮೀಟರು ಸಾಯುತ್ತಿಲ್ಲ. ಆಗಸ್ಟಿನಿಂದಲೂ ಕ್ಯಾಮೆರಾದೊಳಗಿನ ಮೀಟರನ್ನು ಪಕ್ಕದಲ್ಲಿಟ್ಟು ನೋಡುತ್ತಿದ್ದೇನೆ. ಎರಡೂ ಒಂದೇ ಅಂಕಿ ಹೇಳುತ್ತವೆ. ಸ್ಟುಡಿಯೋದೊಳಗಿನ ಗೋಡೆಗೆ ಹಿಡಿದರೆ ನಿಮ್ಮದು ಈಗಲೂ ಮೊದಲಿನಷ್ಟೇ ತೋರಿಸುತ್ತದೆ. ನೀವು ಅಷ್ಟು ಖಚಿತವಾಗಿ ಬಿಲ್ಲೆಯ ಸಾವನ್ನು ಬರೆದಿದ್ದಿರಿ. ತಪ್ಪು ಎಂದು ಹೇಳಲು ಮನಸ್ಸು ಬರಲಿಲ್ಲ. ಈಗಲೂ ಯಾಕೆ ಹೇಳುತ್ತಿದ್ದೇನೋ ಗೊತ್ತಿಲ್ಲ.

ಪ್ರಮೀಳಾ


ಶ್ರೀರಂಗಪಟ್ಟಣ
23 ಅಕ್ಟೋಬರ್ 2024

ಪ್ರಮೀಳಾ,

ಶಾಜಿಯಾ ಕೈಲಿ ನಿನಗೆ ಫೋನು ಮಾಡಿಸಿದ್ದೇನೆ. ಗೋಡೆಗೆ ಹೋಗಿ ನೋಡು, ಕಾಗದ ಸ್ಪೀಡ್ ಪೋಸ್ಟಿನಲ್ಲಿ ಬರುತ್ತಿದೆ ಎಂದಷ್ಟೇ ಅವಳು ಹೇಳಬಲ್ಲಳು. ಉಳಿದದ್ದು ಇಲ್ಲಿದೆ, ನಿಧಾನವಾಗಿ ಓದು.

ಮೈಸೂರಿನಲ್ಲಿ ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡೆ. ವರ್ಷದಿಂದ ನನಗೆ ಪಟಗಳು ಕಾಣುತ್ತಿರಲಿಲ್ಲ. ಒಂದು ಮಬ್ಬು ಚೌಕ, ಅದರಲ್ಲಿ ಉದ್ದನೆಯದೊಂದು. ನಿನ್ನ ಕಾಗದದ ಮಾತನ್ನೂ ಅಂಕಿಗಳನ್ನೂ ಶಾಜಿಯಾ ದಪ್ಪಕ್ಷರದಲ್ಲಿ ಬರೆದು ಕೊಡುತ್ತಿದ್ದಳು. ಅವುಗಳ ಮೇಲೆ ಉತ್ತರ ಬರೆಯುತ್ತಿದ್ದೆ. ಅದರ ಬಗ್ಗೆ ಇಷ್ಟು ಸಾಕು. ಹೊತ್ತಿಲ್ಲ.

ಇವತ್ತು ಬೆಳಿಗ್ಗೆ ಎರಡನೆಯ ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ನಿನ್ನ ಕಾಗದ ಓದಿದೆ. ಆಮೇಲೆ ಪಟಗಳನ್ನು ಹಾಸಿಗೆಯ ಮೇಲೆ ಸಾಲಾಗಿ ಇಟ್ಟೆ. ಬೇಗಂ ಪಕ್ಕದಲ್ಲಿ ನಿಂತು, "ನಾನು ಆವಾಗ್ಲೇ ಹೇಳಿದ್ದೆ, ಈ ಆದ್ಮಿ ಬೆಳ್ಳಗಾಗ್ತಾ ಇದಾನೆ ಅಂತ. ನಿಮ್ಗೆ ಕೇಳ್ಸಿದ್ರೆ ತಾನೆ!" ಎಂದು ಚೀಟಿ ಬರೆದಳು.

ಕೇಳು. ಮೋಡದಿಂದ ಬೆಳಕು ಕಡಿಮೆಯಾಗಿದ್ದರೆ ನೀನು ಅದನ್ನು ಸರಿದೂಗಿಸಿದಾಗ ಗೋಡೆಯೂ ಕೆಂಪಣ್ಣನೂ ಇಬ್ಬರೂ ಜೂನಿನ ಹಾಗೆಯೇ ಬರಬೇಕಿತ್ತು. ಮೀಟರು ಸತ್ತಿದ್ದರೆ ಇಬ್ಬರೂ ಬೆಳ್ಳಗಾಗಬೇಕಿತ್ತು. ಗೋಡೆ ಹಾಗೇ ಇದೆ, ಕೆಂಪಣ್ಣ ಒಬ್ಬನೇ ಬೆಳ್ಳಗಾಗಿದ್ದಾನೆ. ಹೀಗಾಗಲು ದಾರಿ ಒಂದೇ. ಬೆಳಕು ಬೀಳುತ್ತಿರುವುದು ಅಷ್ಟೇ. ಗೋಡೆ ಅದನ್ನು ಮರಳಿ ಕೊಡುತ್ತಿಲ್ಲ. ಗೋಡೆ ಕಪ್ಪಾಗುತ್ತಿದೆ. ನೀನು ತಿಂಗಳು ತಿಂಗಳೂ ಅದನ್ನು ಬೂದಿಗೆ ತಂದು ಕೂರಿಸಿದ್ದೀಯ. ಹಾಗೆ ಮಾಡು ಎಂದವನು ನಾನು.

ಹೊಸ ಸಿಮೆಂಟು ತಿಂಗಳು ಕಳೆದಂತೆ ಒಣಗಿ ಬೆಳ್ಳಗಾಗಬೇಕು. ಇಷ್ಟುದ್ದ ಗೋಡೆ ಒಂದೇ ಸಮ ಕಪ್ಪಾಗುತ್ತಿದೆ ಎಂದರೆ ಒಂದು ಕಡೆ ಸೋರುತ್ತಿಲ್ಲ, ಇಡೀ ಮೈಯಲ್ಲಿ ನೀರು ಕುಡಿದಿದೆ, ಯಾವಾಗ ಬೇಕಾದರೂ ಕುಸಿಯಬಹುದು. ಒಂದೇ ಸಮ ಆಗಿದ್ದರಿಂದಲೇ ಯಾರ ಕಣ್ಣಿಗೂ ಬೀಳಲಿಲ್ಲ. ಕಲೆಯಾಗಿದ್ದರೆ ಕಾಣುತ್ತಿತ್ತು.

ಜೂನಿನ ಅಳತೆಯಲ್ಲೇ ಈಗೊಂದು ಪಟ ತೆಗೆ. ನೂರಿಪ್ಪತ್ತೈದು. ಮುಳ್ಳು ಏನಾದರೂ ಹೇಳಲಿ, ಕೆಂಪಣ್ಣನನ್ನು ನಿಲ್ಲಿಸಿ ತೆಗೆ. ಎರಡನ್ನೂ ಪಕ್ಕದಲ್ಲಿಟ್ಟು ತೋರಿಸು. ನೋಡಿದವರಿಗೆ ಮಾತು ಬೇಕಾಗುವುದಿಲ್ಲ.

ಜಹೀರುದ್ದೀನ್


ಶಾಲೆಯ ಜಗಲಿ, ಕೆರೆಯ ಊರು
27 ಅಕ್ಟೋಬರ್ 2024, ಸಂಜೆ

ಸಾಹೇಬರಿಗೆ,

ಕಾಗದ ಶುಕ್ರವಾರ ತಲುಪಿತು. ಅದಕ್ಕೆ ಮೊದಲೇ ಶಾಜಿಯಾ ಅವರ ಫೋನು ಬಂದೊಡನೆ ಹೋಗಿ ಗೋಡೆಯ ಮುಂದೆ ನಿಂತಿದ್ದೆ. ಏನೂ ಕಾಣಲಿಲ್ಲ. ಗೋಡೆಯಂತೆ ಇತ್ತು. ಕಾಗದ ಓದಿ ಮತ್ತೆ ಹೋದೆ. ಕೆಂಪಣ್ಣ ಹೆಂಡತಿಗೆ ಗೊತ್ತಾಗದ ಹಾಗೆ ಬಂದು ನಿಂತ. ನೂರಿಪ್ಪತ್ತೈದರಲ್ಲಿ ತೆಗೆದೆ.

ನೀವು ಹೇಳಿದಂತೆಯೇ ಬಂತು. ಕೆಂಪಣ್ಣ ಜೂನಿನಲ್ಲಿದ್ದ ಕೆಂಪಣ್ಣನೇ, ಕರೀಕಲ್ಲು. ಅವನ ಹಿಂದೆ ಗೋಡೆ ಎಂಬುದು ನೆನೆದ ಕಂಬಳಿಯ ಹಾಗೆ, ಈ ತುದಿಯಿಂದ ಆ ತುದಿಯವರೆಗೆ. ಎರಡೂ ಪ್ರಿಂಟು ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಲ್ಯಾಬಿನ ಮೆಟ್ಟಿಲ ಮೇಲೆ ಕೂತಿದ್ದೆ. ನೋಡಿದವರಿಗೆ ಮಾತು ಬೇಕಾಗುವುದಿಲ್ಲ ಎಂದು ನೀವು ಬರೆದಿದ್ದಿರಿ.

ಮೊದಲು ದಿಲೀಪನಿಗೆ ಕಳಿಸಿದೆ. ತಕ್ಷಣ ಫೋನು ಮಾಡಿದ. "ಮೇಡಂ, ಇದು ಅಂಡರ್ ಎಕ್ಸ್‌ಪೋಸ್ ಆಗಿದೆ. ಸರಿ ಮಾಡಿ ಕಳ್ಸಿ." ಸರಿಯಾದದ್ದು ಇದೇ, ತಪ್ಪಿದ್ದು ಮೊದಲಿನವು ಎಂದೆ. ಅವನು, ಒರಟಾಗಿಯೇನೂ ಅಲ್ಲ, ದಣಿದವನ ಹಾಗೆ, "ಐದು ಪಟದ ಹಿಂದೆ ನಿಮ್ಮ ಸಹಿ ಇದೆ, ಮೇಡಂ. ಅವನ್ನೇ ನಂಬಿ ಒಪ್ಪಿಗೆ ಕೊಟ್ಟಿದ್ದಾರೆ. ಈಗ ಆರನೇದು ಒಂದು ಕಪ್ಪಗಿದೆ ಅಂತ ಐದನ್ನೂ ಸುಳ್ಳು ಅಂತ ಹೇಗ್ ಬರೀಲಿ? ದೀಪಾವಳಿ ಮುಗ್ಸಿ ಬಂದು ನೋಡ್ತೀನಿ," ಎಂದ. ನಿನ್ನೆ ನಾಲ್ಕನೇ ಶನಿವಾರ, ಕಚೇರಿಗಳಿಗೆ ರಜೆ. ತಾಲ್ಲೂಕು ಕಚೇರಿಯ ಬಾಗಿಲಲ್ಲಿ ಕಾವಲಿನವನೊಬ್ಬನಿದ್ದ. ಅವನ ಕೈಗೆ ಪಟಗಳನ್ನೂ ಅರ್ಜಿಯನ್ನೂ ಕೊಟ್ಟುಬಂದೆ. "ಯಾರ್ದ್ ಪಟ ಇದು, ಕಾಣೆಯಾಗವ್ರಾ?" ಎಂದು ಕೇಳಿದ.

ಆಮೇಲೆ ಕೆಂಪಣ್ಣನ ಮನೆ. ಜಗಲಿಯ ಮೇಲೆ ಎರಡೂ ಪಟ ಇಟ್ಟೆ. ಜಯಲಕ್ಷ್ಮಮ್ಮ ಬಗ್ಗಿ ನೋಡಿದರು, ಪಟವನ್ನು ಎತ್ತಿಕೊಂಡರು, ಕಣ್ಣಿಗೊತ್ತಿಕೊಂಡರು.

"ನಮ್ ದ್ಯಾವ್ರೆ! ಕಪ್ಪಗೆ ಅವ್ರೆ! ನೋಡಿ, ಮೊದ್ಲಿದ್ದಂಗೇ ಕರ್ರಗೆ ಅವ್ರೆ! ನುಗ್ಗೆಸೊಪ್ಪು ಇಡಿದದೆ ಕಣವ್ವ!"

"ಅಮ್ಮಾ, ಗೋಡೆ ನೋಡಿ," ಎಂದೆ.

"ಗ್ವಾಡೆ ಇರ್ಲಿ ಬುಡಿ ಮೇಡಮ್ಮೋರೆ. ಈಗ ನಾಳೀಕೆ ಬಾಗಿಣಕ್ಕೆ ಇವ್ರೇ ತೂಬಿನ್ ಮೇಲೆ ನಿಂತ್ಕತಾರೆ. ನಾನೇ ಬ್ಯಾಡ ಅಂದಿದ್ದೆ."

ಕೆಂಪಣ್ಣ ಮಾತ್ರ ಗೋಡೆಯನ್ನು ನೋಡಿದ. ನೋಡಿ ಪಟವನ್ನು ಕೆಳಗಿಟ್ಟ. "ಮಳೆಗಾಲ್ದಾಗೆ ಯಾವ್ ಗ್ವಾಡೆ ಒಣಗಿರ್ತದವ್ವ?" ಎಂದ. ತೂಬು ಎತ್ತು, ನೀರು ಇಳಿಸು ಎಂದೆ. ಊರು ಹೇಳದೆ ಎತ್ತಿದರೆ ತಾನು ನೀರಗಂಟಿಯಲ್ಲ, ಕಳ್ಳ ಎಂದ. ಊರು ಎಂದರೆ ಸೋಮಯ್ಯನವರು. ಅವರಲ್ಲಿಗೂ ಹೋದೆ. ಎರಡು ಪಟಗಳನ್ನೂ ದೂರ ಹಿಡಿದು ನೋಡಿ ಹಿಂದಕ್ಕೆ ಕೊಟ್ಟರು. "ಐದೊರ್ಸ ಆಯ್ತು ಮೇಡಮ್ಮು, ಈ ಕೆರೆ ತುಂಬಿ. ನೀವ್ ತೋರ್ಸೋ ಕಪ್ಪು ಬಣ್ಣಕ್ಕೆ ನೀರ್ ಬುಟ್ಬುಡಿ ಅಂದ್ರೆ ಜನ ನನ್ನ ಮೊದ್ಲು ಕೆರೆಗೆ ಬುಡ್ತಾರೆ. ನಾಳೆ ಬಂದು ಪಟ ಚೆಂದಾಗಿ ತೆಗೀರಿ."

ಇವತ್ತು ಹೋದೆ. ಏರಿಯ ಮೇಲೆ ಇಡೀ ಊರು. ಮೊರಗಳು, ಅರಿಸಿನ, ಹೊಸ ಸೀರೆ, ಧ್ವನಿವರ್ಧಕ. ತೂಬಿನ ಕಲ್ಲಿನ ಮೇಲೆ ಕೆಂಪಣ್ಣ ತಲೆಗೆ ಬಿಳಿ ಟವಲು ಸುತ್ತಿಕೊಂಡು ನಿಂತಿದ್ದ. ಕೆಳಗೆ ಬೀದಿಯಲ್ಲಿ ಒಲೆಗಳ ಹೊಗೆ, ಗೋಡೆಗೆ ಒರಗಿಸಿದ ತಪ್ಪಲೆಗಳು. ನಾನು ಹೇಳಬೇಕಾದದ್ದನ್ನೆಲ್ಲ ಹೇಳಿ ಆಗಿತ್ತು. ಕ್ಯಾಮೆರಾ ಎತ್ತಿ ಕಣ್ಣಿಗಿಟ್ಟೆ, ಇಳಿಸಿದೆ.

"ಇಲ್ಲಿ ಬೆಳಕು ಸರಿಯಿಲ್ಲ," ಎಂದೆ.

ಅಷ್ಟೇ. ಧ್ವನಿವರ್ಧಕ ನಿಂತಿತು. "ಲೇ, ಬೆಳಕಿಲ್ವಂತೆ ಕಣ್ಲಾ! ಮೇಡಮ್ಮು ಎಲ್ ನಿಂತ್ಕ ಅಂತಾರೆ ಅಲ್ ನಿಂತ್ಕಳ್ರಿ!" ಎಂದು ಸೋಮಯ್ಯನವರೇ ಕೂಗಿದರು. ಬೀದಿಯಿಂದ ಆಚೆ ದಿಬ್ಬದ ಮೇಲಿನ ಶಾಲೆಯನ್ನು ತೋರಿಸಿದೆ. ಅಡುಗೆಯವರೂ ಬರಬೇಕು, ಒಬ್ಬರು ಬಿಟ್ಟರೂ ಪಟ ಅರೆಯಾಗುತ್ತದೆ ಎಂದೆ. ಬಂದರು. ಒಲೆ ತಗ್ಗಿಸಿ ಬಂದರು, ಮುದುಕರನ್ನು ಎತ್ತಿಕೊಂಡು ಬಂದರು, ಕೆಂಪಣ್ಣನೂ ತೂಬಿನಿಂದ ಇಳಿದು ಬಂದ. ಗೋಡೆ ಬೀಳುತ್ತದೆ ಎಂದಾಗ ಒಂದು ಹೆಜ್ಜೆಯನ್ನೂ ಸರಿಸದಿದ್ದವರು ಬೆಳಕಿಗಾಗಿ ಸೀರೆ ಎತ್ತಿ ಹಿಡಿದು ದಿಬ್ಬ ಹತ್ತಿದರು.

ಊರಿನ ಒಂದು ದೊಡ್ಡ ಪಟ. ಆಮೇಲೆ ಮನೆಮನೆಯದು ಬೇರೆ ಬೇರೆ. ಆಮೇಲೆ ಅಣ್ಣತಮ್ಮಂದಿರು, ಓರಗಿತ್ತಿಯರು, ಹೊಸದಾಗಿ ಮದುವೆಯಾದವರು. ಕಾರಣಗಳನ್ನು ಹುಡುಕಿ ಹುಡುಕಿ ತೆಗೆದೆ. ನಾನು ಕತ್ತು ಹೊರಳಿಸಿ ಗೋಡೆಯ ಕಡೆ ನೋಡಿದಾಗಲೆಲ್ಲ ಯಾರಾದರೊಬ್ಬರು, "ಅಲ್ಲೇನ್ ನೋಡ್ತೀರಿ, ಇಲ್ಲಿ ನೋಡಿ," ಎನ್ನುತ್ತಿದ್ದರು. ಇಡೀ ಮಧ್ಯಾಹ್ನ ಅದು ನಿಂತೇ ಇತ್ತು. ಹೊತ್ತಿಳಿಯಿತು. ಇನ್ನು ಬೆಳಕಿಲ್ಲ ಎಂದು ಅವರೇ ಹೇಳಿದರು. ಕ್ಯಾಮೆರಾವನ್ನು ಚೀಲಕ್ಕೆ ಹಾಕಿದೆ.

ಈಗ ಅವರೆಲ್ಲ ದಿಬ್ಬ ಇಳಿದು ತಮ್ಮ ಬೀದಿಗೆ ಹೋಗಿದ್ದಾರೆ. ಊಟಕ್ಕೆ ಎಲೆ ಹಾಕುತ್ತಿದ್ದಾರೆ, ನನ್ನನ್ನೂ ಕೂಗುತ್ತಿದ್ದಾರೆ. ಕಿಕ್ಕೇರಿ ಕಡೆ ಮೋಡ ಕಟ್ಟಿದೆ, ಗಾಳಿಯಲ್ಲಿ ಮಳೆಯ ವಾಸನೆಯಿದೆ. ಇಲ್ಲಿಂದ ನೋಡಿದರೆ ಗೋಡೆಯೂ ಸಂಜೆಯೂ ಒಂದೇ ಬಣ್ಣ. ಬೀದಿಯ ದೀಪಗಳು ಅದರ ಬುಡದಲ್ಲಿ ಒಂದೊಂದಾಗಿ ಹತ್ತಿಕೊಳ್ಳುತ್ತಿವೆ. ಇಂದು ಒಂದು ಮಧ್ಯಾಹ್ನ ಅವರನ್ನು ಹಿಡಿದಿಟ್ಟೆ.

ನಾಳೆ ಎಲ್ಲಿಯ ಬೆಳಕು ಸರಿಯಿಲ್ಲವೆಂದು ಹೇಳಲಿ, ಸಾಹೇಬರೇ?